ಮಹಾಗಣಪತಿಯವರ ಸರ್ವಪಾತ್ರ ಕೈಪಿಡಿ

ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನ ಎದುರು, ಶಂಭು ಭಟ್ಟರ ಹೋಟೆಲಿನ ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಮಹಾಗಣಪತಿಯವರು ಹನ್ನೊಂದು ವರ್ಷಗಳಿಂದ ದೂತರಾಗಿದ್ದರು. ಯಾವ ದೇಶಕ್ಕೂ ಅಲ್ಲ, ಊರಿನ ತಾಳಮದ್ದಳೆ ಸಂಘಕ್ಕೆ.

ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಶಾಲು ಹೊದ್ದು ಎದುರುಬದುರು ಕೂತವರು ರಾಜ, ರಾಣಿ, ರಾಕ್ಷಸರಾಗಿ ಅರ್ಥ ಹೇಳುತ್ತಾರೆ. ಎಲ್ಲ ಮಾತಿನಲ್ಲೇ. ಅಂಥ ಮಾತಿನ ಮಂಟಪದಲ್ಲಿ ಮಹಾಗಣಪತಿಯವರ ಪಾಲಿಗೆ ಬಂದದ್ದು ಒಂದೇ ವಾಕ್ಯ: "ಮಹಾಪ್ರಭು, ಶತ್ರುಸೈನ್ಯ ಕೋಟೆಯ ಬಾಗಿಲಿಗೆ ಬಂದಿದೆ." ಇಷ್ಟು ಹೇಳಿದರೆ ಅವರ ಆ ವರ್ಷದ ಕಲಾಸೇವೆ ಮುಗಿಯಿತು. ಅವರು ಆ ವಾಕ್ಯವನ್ನು ಒಂದು ವರ್ಷ ಭಯದಿಂದ ಹೇಳಿದ್ದರು, ಒಂದು ವರ್ಷ ಕೆಚ್ಚಿನಿಂದ ಹೇಳಿದ್ದರು. ಒಮ್ಮೆಯಂತೂ ಎಷ್ಟು ಗುಟ್ಟಾಗಿ ಹೇಳಿದರೆಂದರೆ ಸಭಿಕರಲ್ಲಿ ಇಬ್ಬರು ತಿರುಗಿ ಬಾಗಿಲ ಕಡೆ ನೋಡಿದ್ದರು. ಆದರೂ ಯಾರೂ ಬಂದು ಚೆನ್ನಾಗಿತ್ತು ಎನ್ನಲಿಲ್ಲ.

ಜೀವಮಾನದಲ್ಲಿ ಒಮ್ಮೆ ರಾಜನಾಗಬೇಕು ಎಂಬುದು ಅವರ ಆಸೆ. ಒಂದೇ ಒಂದು ಸಲ. ಈ ಆಸೆಯನ್ನು ಅವರು ಯಾರ ಹತ್ತಿರವೂ ಹೇಳಿರಲಿಲ್ಲ. ಬಚ್ಚಲುಮನೆಯ ಹಂಡೆಗೆ ಮಾತ್ರ ದಿನವೂ ಬೆಳಿಗ್ಗೆ ರಾಜಾಜ್ಞೆ ಹೊರಡಿಸುತ್ತಿದ್ದರು. ಹೊರಗೆ ಪಾತ್ರೆ ತೊಳೆಯುವ ವೇದಾವತಿಗೆ ಗಂಡನ ಆಜ್ಞೆಗಳೆಲ್ಲ ಬಾಯಿಪಾಠವಾಗಿದ್ದವು.

ರಾಜನ ಪಾತ್ರ ಸಂಘದ ಅಧ್ಯಕ್ಷರಾದ ಜವಳಿ ಅಂಗಡಿ ಸುಬ್ಬರಾಯರದು. ಅವರ ಕಂಠಕ್ಕೆ ಮೈಕು ಬೇಕಿರಲಿಲ್ಲ. ಮೈಕಿಗೇ ಅವರಿಂದ ತೊಂದರೆ. ಹಿಂದಿನ ವರ್ಷ ಬಸ್ ಏಜೆಂಟ್ ನಿಂಗಪ್ಪನವರು, ಈ ಸಲ ರಾಜ ನಾನೇ ಎಂದು ಹಟ ಹಿಡಿದು ಹೋಗಿ ಕೂತುಬಿಟ್ಟಿದ್ದರು. ಸುಬ್ಬರಾಯರೂ ಏಳಲಿಲ್ಲ. ಒಂದೇ ರಾಜ್ಯಕ್ಕೆ ಇಬ್ಬರು ರಾಜರು ಮೂರು ತಾಸು ಆಳಿದರು. ರಾಣಿಯಾಗಿದ್ದ ಕಾಂಪೌಂಡರ್ ಪುಟ್ಟಪ್ಪನವರು ಸಭ್ಯಸ್ಥರು. ಇಬ್ಬರಿಗೂ ಒಂದೊಂದು ನಮಸ್ಕಾರ ಮಾಡಿ ಕೊನೆಯವರೆಗೆ ಬಾಯಿ ತೆರೆಯಲಿಲ್ಲ.

ಇದನ್ನು ಸಭೆಯಲ್ಲಿ ಕೂತು ನೋಡಿದ್ದ ಮೇಗರವಳ್ಳಿ ಕಡೆಯ ನಿವೃತ್ತ ಮೇಷ್ಟ್ರು ದುಗ್ಗಪ್ಪನವರು ೧೯೮೨ರಲ್ಲಿ, ತಾವೇ ಬರೆದ 'ವಜ್ರಕೇಶ ವಧೆ' ಎಂಬ ಹೊಸ ಪ್ರಸಂಗವನ್ನು ಸಂಘಕ್ಕೆ ಕೊಡುವಾಗ ಒಂದು ಷರತ್ತು ಹಾಕಿದರು. ರಾಜ, ರಾಣಿ, ಋಷಿ, ರಾಕ್ಷಸ, ದೂತ ಎಂದು ಪಾತ್ರ ಐದು. ಸಂಘದಲ್ಲಿ ಅರ್ಥ ಹೇಳುವವರೂ ಐವರು. ಪಾತ್ರಗಳ ಹೆಸರು ಬರೆದ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಸಭಿಕರ ಎದುರಿಗೇ, ಪ್ರಸಂಗ ಶುರುವಾಗುವ ಐದು ನಿಮಿಷ ಮೊದಲು ಒಬ್ಬೊಬ್ಬರೂ ಎತ್ತಬೇಕು. ಯಾರಿಗೆ ಯಾವುದು ಬಂತೋ ಅದು.

ಸುಬ್ಬರಾಯರು ಗೊಣಗಿದಾಗ ಮೇಷ್ಟ್ರು, "ಪಾತ್ರ ಯಾರಪ್ಪನ ಮನೆ ಆಸ್ತೀನೂ ಅಲ್ಲ ಕಣಯ್ಯ. ಬೇಡಾಂದ್ರೆ ಹೇಳು, ಪ್ರಸಂಗ ಸಾಗರದೋರಿಗೆ ಕೊಡ್ತೀನಿ" ಎಂದರು. ಎದುರಾಳಿ ಸಂಘವಾದ ಸಾಗರದ ಹೆಸರು ಕೇಳಿದ ಕೂಡಲೇ ಸುಬ್ಬರಾಯರು ಒಪ್ಪಿದರು.

ಒಪ್ಪಿದ ಮೇಲೆ ಎಲ್ಲರಿಗೂ ಜ್ವರ ಬಂತು. ಇದುವರೆಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಗೊತ್ತಿದ್ದರೆ ಸಾಕಾಗಿತ್ತು. ಈಗ ಐವರಿಗೂ ಐದೂ ಬರಬೇಕು. ಹೊಸ ಪ್ರಸಂಗ, ಹಿಂದೆ ಯಾರೂ ಅರ್ಥ ಹೇಳಿದ್ದನ್ನು ಕೇಳಿಲ್ಲ. ಸಾಲದ್ದಕ್ಕೆ ಕಾರ್ಯಕ್ರಮ ಹೊಸನಗರದಲ್ಲಿ, ಒಂದೂವರೆ ತಿಂಗಳಿಗೆ, ಭಾನುವಾರ ಮಧ್ಯಾಹ್ನ ಮೂರಕ್ಕೆ. ಸಾಗರ, ತೀರ್ಥಹಳ್ಳಿ ಎರಡೂ ಕಡೆಯ ಸಂಘದವರು ನೋಡಲು ಬರುವವರು.

"ನಂಗೆ ರಾಣಿ ಬಂದ್ರೆ ಎಂಥ ಹೇಳೂದು ಮಾರಾಯ್ರೆ?" ಎಂದರು ಸುಬ್ಬರಾಯರು. "ನಮ್ಮನೇಲಿ ಹೆಂಗಸರು ಮಾತಾಡಿದ್ದು ನಾನು ಕೇಳಿದ್ದೇ ಇಲ್ಲ."

ಆಗ, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ, ಕೇಳದೆಯೇ ಒಂದು ಧ್ವನಿ ಎದ್ದಿತು. ಅದು ತಮ್ಮದೇ ಧ್ವನಿ ಎಂದು ಮಹಾಗಣಪತಿಯವರಿಗೆ ತಿಳಿಯುವಷ್ಟರಲ್ಲಿ ವಾಕ್ಯ ಮುಗಿದುಹೋಗಿತ್ತು. "ನಾನೊಂದು ಕೈಪಿಡಿ ಮಾಡಿ ಕೊಡ್ತೀನಿ. ಯಾರಿಗೆ ಯಾವ ಪಾತ್ರ ಬಂದ್ರೂ ಪುಟ ತೆಗೆದು ನೋಡಿದ್ರಾಯ್ತು."

ಕೈಪಿಡಿ ಬರೆಯುವ ಯೋಗ್ಯತೆ ಅವರಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಅವರ ಹತ್ತಿರ ಕನ್ನಡ ಟೈಪ್‌ರೈಟರ್ ಇತ್ತು, ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ಇತ್ತು. ಊರಿಗೆ ಅಷ್ಟು ಸಾಕು.

'ಸರ್ವಪಾತ್ರ ಸುಲಭ ಕೈಪಿಡಿ'ಯ ಮೊದಲ ಮುದ್ರಣ ಎರಡೇ ದಿನದಲ್ಲಿ ಹೊರಬಂತು. ಐದು ಪಾತ್ರ, ಐದು ಅಧ್ಯಾಯ. ರಾಜ ಗಂಭೀರವಾಗಿ ಮಾತಾಡತಕ್ಕದ್ದು. ರಾಕ್ಷಸ ಗರ್ಜಿಸತಕ್ಕದ್ದು. ರಾಣಿ ಮೃದುವಾಗಿ ಕರೆಯತಕ್ಕದ್ದು. ಋಷಿ ನಿಧಾನವಾಗಿ ವರ ಕೊಡತಕ್ಕದ್ದು. ಓದಿದವರೆಲ್ಲ ಇಷ್ಟೇನಾ ಎಂದು ಧೈರ್ಯ ತಂದುಕೊಂಡರು.

ಮೊದಲ ಅಭ್ಯಾಸದಲ್ಲಿ ಚೀಟಿ ಎತ್ತಿದಾಗ ರಾಕ್ಷಸ ಬಂದದ್ದು ಕಾಂಪೌಂಡರ್ ಪುಟ್ಟಪ್ಪನವರಿಗೆ. ಇಪ್ಪತ್ತು ವರ್ಷ ರೋಗಿಗಳನ್ನು ಪಿಸುಮಾತಿನಲ್ಲಿ ವಿಚಾರಿಸಿಕೊಂಡ ಗಂಟಲು ಅದು. ಕೈಪಿಡಿಯಂತೆ ಗರ್ಜಿಸಲು ಹೋಗಿ ಕೆಮ್ಮು ಹತ್ತಿತು. ಸುಧಾರಿಸಿಕೊಂಡು ಎದುರಿದ್ದ ರಾಜನನ್ನು, "ಎಷ್ಟು ದಿನದಿಂದ ಈ ಅಹಂಕಾರ?" ಎಂದು ಕೇಳಿದರು. ರಾಣಿಯಾದ ನಿಂಗಪ್ಪನವರು ದಿನಕ್ಕೆ ಮೂವತ್ತು ಬಸ್ಸಿಗೆ ಜನ ಹತ್ತಿಸುವವರು. "ಪ್ರಾಣಕಾಂತ, ಪ್ರಾಣಕಾಂತ, ಪ್ರಾಣಕಾಂತ, ಬನ್ನಿ ಬನ್ನಿ, ಒಳಗೆ ಜಾಗ ಇದೆ" ಎಂದು ಒಂದೇ ಉಸಿರಿಗೆ ಕರೆದರು. ಋಷಿಯಾದ ಹೋಟೆಲಿನ ಶಂಭು ಭಟ್ಟರು ಗಿರಾಕಿ ಕೇಳಿದ್ದಕ್ಕೆ ಇಲ್ಲ ಎಂದವರಲ್ಲ. ರಾಜ ರಾಕ್ಷಸನ ಸಾವನ್ನು ಕೇಳಿದ, ಆಯ್ತು ಎಂದರು. ರಾಕ್ಷಸ ಚಿರಂಜೀವಿತ್ವವನ್ನು ಕೇಳಿದ, ಅದಕ್ಕೂ ಆಯ್ತು ಎಂದು, "ಮತ್ತೆ ಏನು ಬೇಕು?" ಎಂದರು.

ದೂತನ ಚೀಟಿ ಮಹಾಗಣಪತಿಯವರಿಗೇ ಬಂದಿತ್ತು. ಡಬ್ಬಿಗೂ ಅಭ್ಯಾಸಬಲ ಇರಬೇಕು.

ದುಗ್ಗಪ್ಪ ಮೇಷ್ಟ್ರು ತಲೆಯ ಮೇಲೆ ಕೈ ಇಟ್ಟುಕೊಂಡು ಕೈಪಿಡಿ ತಿರುವಿ ನೋಡಿದರು. "ಗಣಪತಿ, ಪಾತ್ರ ಒಂದೇ ಆದ್ರೂ ಕೂತ ಮನುಷ್ಯ ಬೇರೆ ಅಲ್ದೇನಯ್ಯ? ಪುಟ್ಟಪ್ಪನ ರಾಕ್ಷಸ ಬೇರೆ, ಸುಬ್ಬರಾಯನ ರಾಕ್ಷಸ ಬೇರೆ. ಇಬ್ಬರಿಗೂ ಒಂದೇ ಪಾಠ ಬರೆದ್ರೆ ಹ್ಯಾಗೆ?"

ಈ ಮಾತು ಮಹಾಗಣಪತಿಯವರಿಗೆ ಜ್ಞಾನೋದಯದಂತೆ ತಾಗಿತು. ಅಂದಿನಿಂದ ಅವರು ಊರಿನಲ್ಲಿ ಮನುಷ್ಯರನ್ನು ನೋಡತೊಡಗಿದರು. ಜವಳಿ ಅಂಗಡಿಯ ಎದುರು ಛತ್ರಿ ಹಿಡಿದು ತಾಸುಗಟ್ಟಲೆ ನಿಂತರು. ಹೊಟ್ಟೆನೋವೆಂದು ಸುಳ್ಳು ಹೇಳಿ ಪುಟ್ಟಪ್ಪನವರ ಮುಂದೆ ಕೂತರು. ಸುಳ್ಳಿಗೆ ನಿಜವಾದ ಕಹಿ ಔಷಧಿ ಕುಡಿದರು. ನಿಂಗಪ್ಪನವರನ್ನು ಅರಿಯಲು ಹೋಗಿ, ಅವರ ಕರೆಯ ರಭಸಕ್ಕೆ ಸಿಕ್ಕಿ, ಏನು ಎತ್ತ ತಿಳಿಯದೆ ಬಸ್ ಹತ್ತಿ ಇಕ್ಕೇರಿಯವರೆಗೆ ಹೋಗಿಬಂದರು.

ಎರಡನೆಯ ಮುದ್ರಣದಲ್ಲಿ ನಾಲ್ಕು ಜನಕ್ಕೆ ಐದು ಪಾತ್ರದಂತೆ ಇಪ್ಪತ್ತು ಅಧ್ಯಾಯಗಳಿದ್ದವು. 'ಪುಟ್ಟಪ್ಪನವರು ರಾಕ್ಷಸನಾದಾಗ' ಎಂಬಲ್ಲಿ ಹೀಗೆ ಬರೆದಿತ್ತು: ಗರ್ಜಿಸಬೇಡಿ. ಸೂಜಿ ಚುಚ್ಚುವ ಮೊದಲು ರೋಗಿಗೆ ಹೇಳುವ ಹಾಗೆ ಮೆಲ್ಲಗೆ, 'ಏನೂ ಆಗೋದಿಲ್ಲ' ಎನ್ನಿ. ಕೇಳಿದವರು ತಾವಾಗಿ ನಡುಗುತ್ತಾರೆ.

ಅದೇ ವಾರ ಪುಟ್ಟಪ್ಪನವರು ಹಾಗೆಯೇ ಹೇಳಿದರು. ಎದುರು ಕೂತಿದ್ದ ನಿಂಗಪ್ಪನವರು ತೋಳು ಮುಚ್ಚಿಕೊಂಡು ಎರಡು ಮಾರು ಹಿಂದೆ ಸರಿದರು. ಸಂಘದವರು ಮಹಾಗಣಪತಿಯವರನ್ನು ಹೊಸ ಕಣ್ಣಿನಿಂದ ನೋಡಿದರು. ಶಂಭು ಭಟ್ಟರು ಅಂದು ಅವರ ಕಾಫಿಯನ್ನು ದೊಡ್ಡ ಲೋಟದಲ್ಲಿ ಕೊಟ್ಟರು.

ಕೀರ್ತಿ ಬಂದ ಮೇಲೆ ಮನುಷ್ಯ ಸುಮ್ಮನೆ ಕೂರುವುದಿಲ್ಲ. ಎದುರಿಗೆ ಯಾರು ಕೂತಾರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ ಎಂದು ಮಹಾಗಣಪತಿಯವರಿಗೆ ಹೊಳೆಯಿತು. ಒಂದೊಂದು ಅಧ್ಯಾಯಕ್ಕೆ ಮೂರು ಮೂರು ಎದುರಾಳಿಗಳು. ಮೂರನೆಯ ಮುದ್ರಣ ಅರವತ್ತು ಭಾಗಗಳಾಗಿ ಬೆಳೆಯಿತು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಇನ್‌ಸ್ಟಿಟ್ಯೂಟಿಗೆ ಟೈಪಿಂಗ್ ಕಲಿಯಲು ಬರುತ್ತಿದ್ದ ಹುಡುಗಿಯರಿಗೆ ಅಭ್ಯಾಸದ ಪಾಠವಾಗಿ ಕೈಪಿಡಿಯ ಪುಟಗಳನ್ನೇ ಕೊಟ್ಟರು. ಹುಡುಗಿಯರು ಎಂದೂ ಇಲ್ಲದ ಶ್ರದ್ಧೆಯಿಂದ ಟೈಪ್ ಮಾಡಿದರು. ಒಂದೊಂದು ಪ್ರತಿ ಮನೆಗೂ ಒಯ್ದರು.

ಎಲ್ಲ ಮುಗಿದ ದಿನ ವೇದಾವತಿ ಹಾಳೆಗಳನ್ನು ಹೊಲಿಯುತ್ತ ಕೂತಿದ್ದವಳು, "ಊರವ್ರ ಗುಣ ಎಲ್ಲ ಇದರಲ್ಲಿ ಇದ್ದು. ನಿಂಗ್ಳ ಹೆಸರು ಒಂದೇ ಇಲ್ಲೆ" ಎಂದಳು.

ಅವರು ದಿಗಿಲಿನಿಂದ ಪುಟಗಳನ್ನು ತಿರುವಿದರು. ನಿಜ. 'ಮಹಾಗಣಪತಿ ರಾಜನಾದಾಗ' ಎಂದು ಶೀರ್ಷಿಕೆ ಟೈಪ್ ಮಾಡಿ ಯಂತ್ರದ ಮುಂದೆ ಒಂದು ತಾಸು ಕೂತರು. ಮುಂದಿನ ಸಾಲು ಬರಲಿಲ್ಲ. ತಮ್ಮನ್ನು ನೋಡಲು ಯಾವ ಅಂಗಡಿಯ ಎದುರು ನಿಲ್ಲಬೇಕೋ ತಿಳಿಯದೆ ಹಾಳೆ ಎಳೆದು ಬಿಸಾಡಿದರು.

ಇತ್ತ ಊರಿಗೆ ಹೋದ ಪ್ರತಿಗಳು ತಮ್ಮ ಕೆಲಸ ಶುರುಮಾಡಿದ್ದವು. ಸುಬ್ಬರಾಯರ ಹೆಂಡತಿ ವೆಂಕಮ್ಮನವರಿಗೆ ತೀರ್ಥಹಳ್ಳಿಯ ತಂಗಿಯ ಮನೆಗೆ ಹೋಗಬೇಕೆಂದು ಮೂರು ವರ್ಷದ ಆಸೆ. ಕೇಳಿದಾಗಲೆಲ್ಲ ಗಂಡ ಕೂಗಾಡಿ ಮಾತು ಮುಗಿಸುತ್ತಿದ್ದರು. ಪಕ್ಕದ ಮನೆಯ ಹುಡುಗಿ ತಂದುಕೊಟ್ಟ ಹಾಳೆಯಲ್ಲಿ ಹೀಗಿತ್ತು: ಸುಬ್ಬರಾಯರು ಎದುರಾಳಿಯಾದಾಗ ಉತ್ತರ ಕೊಡಬೇಡಿ. ಹತ್ತು ನಿಮಿಷಕ್ಕೆ ಗಂಟಲು ಒಣಗುತ್ತದೆ. ಆಗ ಒಂದು ಲೋಟ ನೀರು ಕೊಡಿ. ಕುಡಿದ ಮೇಲೆ ಹೇಳಿದ್ದಕ್ಕೆಲ್ಲ ಒಪ್ಪುತ್ತಾರೆ.

ವೆಂಕಮ್ಮನವರು ನೀರು ತುಂಬಿದ ಲೋಟವನ್ನು ಪಕ್ಕದಲ್ಲಿಟ್ಟುಕೊಂಡೇ ವಿಷಯ ತೆಗೆದರು. ಒಪ್ಪಿಗೆ ಕೊಟ್ಟದ್ದು ಸುಬ್ಬರಾಯರಿಗೆ ಅರಿವಾದದ್ದು ಹೆಂಡತಿಯನ್ನು ಬಸ್ಸಿಗೆ ಹತ್ತಿಸಿ ಕೈಬೀಸಿದ ಮೇಲೆ. ಮರುದಿನದಿಂದ ಅಂಗಡಿಗೆ ಬಂದ ಗಿರಾಕಿಗಳೂ ಸೀರೆ ಮುಟ್ಟಿ ನೋಡಿ ಸುಮ್ಮನೆ ನಿಲ್ಲತೊಡಗಿದರು. ಒಬ್ಬಳಂತೂ ಮನೆಯಿಂದಲೇ ತಂಬಿಗೆಯಲ್ಲಿ ನೀರು ತಂದಿದ್ದಳು. ಪುಟ್ಟಪ್ಪನವರು 'ಏನೂ ಆಗೋದಿಲ್ಲ' ಎಂದರೆ ರೋಗಿಗಳು ಎದ್ದು ಓಡುತ್ತಿದ್ದರು. ನಿಂಗಪ್ಪನವರು ಮೂರು ಸಲ ಕರೆದು ಮುಗಿಸುವವರೆಗೆ ಪ್ರಯಾಣಿಕರು ಕೈಕಟ್ಟಿ ನಿಂತು, ನಾಲ್ಕನೆಯದಕ್ಕೆ ಮಾತಿಲ್ಲದೆ ತಡವರಿಸುವುದನ್ನು ನೋಡಿ ನಕ್ಕು ಬಸ್ ಹತ್ತುತ್ತಿದ್ದರು.

ಸುಬ್ಬರಾಯರು ಮಹಡಿಯ ಮೆಟ್ಟಿಲು ಹತ್ತಿ ಬಂದ ಸದ್ದಿಗೆ ಮೂರೂ ಟೈಪ್‌ರೈಟರುಗಳು ನಿಂತವು. ಊರನ್ನೆಲ್ಲ ತಮ್ಮ ಮೇಲೆ ಎತ್ತಿಕಟ್ಟಿದ ಕೈಪಿಡಿಯ ಬಗ್ಗೆ ಅವರು ಹೇಳಬೇಕಾದ್ದನ್ನೆಲ್ಲ ಹೇಳಿದರು. ಹತ್ತನೆಯ ನಿಮಿಷಕ್ಕೆ ಗಂಟಲು ಒಣಗಿತು. ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ನೀರಿನ ಲೋಟ ತಂದು ಮುಂದೆ ಹಿಡಿದಳು. ಅವರು ಅದನ್ನು ನೋಡಿದರು, ಕುಡಿಯಲಿಲ್ಲ.

"ಹೊಸನಗರದಲ್ಲಿ ನಮ್ಮ ಮರ್ಯಾದೆ ಹೋಗ್ಲಿ," ಎಂದರು ಒಣ ಗಂಟಲಿನಲ್ಲೇ, "ಆಮೇಲೆ ಡಬ್ಬಿಗೆ ನಾಲ್ಕೇ ಚೀಟಿ. ನೀವು ಸಭೇಲಿ ಕೂತು ಚಪ್ಪಾಳೆ ತಟ್ಟಿ."

ಕೆಳಗೆ ಹೋಟೆಲಿನಲ್ಲಿ ಶಂಭು ಭಟ್ಟರು ಸುಬ್ಬರಾಯರ ಮಾತು ನೂರಕ್ಕೆ ನೂರು ಸರಿ ಎಂದರು. ಸ್ವಲ್ಪ ಹೊತ್ತಿಗೆ ಕೆಳಗಿಳಿದ ಮಹಾಗಣಪತಿಯವರ ಮಾತೂ ಸರಿ ಎಂದರು. ಮಹಾಗಣಪತಿಯವರಿಗೆ ಇದರಿಂದ ಸಮಾಧಾನವಾಗಲಿಲ್ಲ. ದೂತನ ಕೆಲಸವೂ ಹೋದರೆ ರಾಜನಾಗುವ ದಾರಿಯೇ ಮುಚ್ಚಿದಂತೆ.

ಹೊಸನಗರದ ಶಾಲೆಯ ಸಭಾಂಗಣ ಆ ಭಾನುವಾರ ತುಂಬಿತ್ತು. ಎಡಗಡೆ ಸಾಗರದವರು, ಬಲಗಡೆ ತೀರ್ಥಹಳ್ಳಿಯವರು, ನಡುವೆ ಮುಖ್ಯ ಅತಿಥಿಗಳಾದ ತಹಸೀಲ್ದಾರರು. ತೀರ್ಥಹಳ್ಳಿಯ ಸಾಲಿನಲ್ಲಿ ವೆಂಕಮ್ಮನವರೂ ತಂಗಿಯ ಜೊತೆ ಕೂತಿದ್ದರು. ದುಗ್ಗಪ್ಪ ಮೇಷ್ಟ್ರು ಡಬ್ಬಿ ಅಲ್ಲಾಡಿಸಿದರು. ನಿಂಗಪ್ಪನವರು ರಾಜರಾದರು. ಸುಬ್ಬರಾಯರಿಗೆ ರಾಕ್ಷಸ, ಪುಟ್ಟಪ್ಪನವರಿಗೆ ರಾಣಿ, ಶಂಭು ಭಟ್ಟರಿಗೆ ಋಷಿ. ಕೊನೆಗೆ ಉಳಿದದ್ದನ್ನು ಮಹಾಗಣಪತಿಯವರು ಬಿಡಿಸಿ ನೋಡುವ ಅಗತ್ಯವಿರಲಿಲ್ಲ. ಆದರೂ ಬಿಡಿಸಿದರು. ದೂತ.

ಶ್ಯಾಮ ಭಾಗವತರು ಪದ ಎತ್ತಿದರು, ಮದ್ದಳೆ ನುಡಿಯಿತು. ಪದ ಮುಗಿಯಿತು. ಇನ್ನು ರಾಜ ಅರ್ಥ ಹೇಳಬೇಕು.

ನಿಂಗಪ್ಪನವರು ಕೈಪಿಡಿಯನ್ನು ಕಂಠಪಾಠ ಮಾಡಿದ್ದರು. ಅವರ ಪುಟದಲ್ಲಿ, ಸುಬ್ಬರಾಯರು ರಾಕ್ಷಸನಾದರೆ ಬಾಯಿ ತೆರೆಯಬೇಡಿ, ಅವರೇ ಕೂಗಿ ಸುಸ್ತಾಗಲಿ ಎಂದಿತ್ತು. ಅವರು ತುಟಿ ಬಿಗಿದು ಕೂತರು. ಸುಬ್ಬರಾಯರೂ, ಬೈದುಕೊಂಡೇ ಆದರೂ, ತಮ್ಮ ಪುಟ ಓದಿದ್ದರು. ನಿಂಗಪ್ಪನವರು ರಾಜನಾದರೆ ಅವರೇ ಮೊದಲು ಮಾತಾಡಲಿ, ಮೂರು ಸಲ ಹೇಳಿದ ಮೇಲೆ ಅವರ ಸರಕು ಮುಗಿಯುತ್ತದೆ ಎಂದಿತ್ತು. ಅವರೂ ಮೀಸೆ ತಿರುವುತ್ತ ಕಾದರು.

ಭಾಗವತರು ರಾಜನನ್ನು ಬಿಟ್ಟು ರಾಣಿಯ ಪದ ಹಾಡಿದರು. ಶಂಭು ಭಟ್ಟರು ಏನು ಹೇಳಿದರೂ ಒಪ್ಪುವವರಾದ್ದರಿಂದ ಅವರು ಕಣ್ಣು ತೆರೆಯುವವರೆಗೆ ಕಾದು ನಂತರ ವರ ಕೇಳಿ ಎಂದು ಪುಟ್ಟಪ್ಪನವರಿಗೆ ಸೂಚನೆಯಿತ್ತು. ಪುಟ್ಟಪ್ಪನವರು ಪ್ರಶ್ನೆ ಕೇಳಿ ಸಿಕ್ಕಿಸುತ್ತಾರೆ, ಆದ್ದರಿಂದ ತಪಸ್ಸಿನಿಂದ ಏಳಬೇಡಿ ಎಂದು ಶಂಭು ಭಟ್ಟರಿಗೆ. ರಾಣಿ ಕಾದಳು. ಋಷಿ ಏಳಲಿಲ್ಲ.

ಭಾಗವತರು ಮೊದಲ ಪದವನ್ನೇ ಬೇರೆ ರಾಗದಲ್ಲಿ ಹಾಡಿದರು. ಮತ್ತೊಂದು ರಾಗದಲ್ಲಿ ಹಾಡಿದರು. ನಾಲ್ಕನೆಯ ಸಲಕ್ಕೆ ಮದ್ದಳೆಯವರು ಭಾಗವತರ ಮುಖ ನೋಡಿದರು. ಸಭೆಯಲ್ಲಿ ಕೆಮ್ಮು ಶುರುವಾಯಿತು. ಮೈಕಿನವನು ಮೆಲ್ಲನೆ ಬಂದು, ಮೈಕು ತಟ್ಟಿ, "ಹಲೋ, ಹಲೋ" ಎಂದು ಹೋದ. ಆ ಹೊತ್ತಿನವರೆಗೆ ಪ್ರಸಂಗದಲ್ಲಿ ಅರ್ಥ ಹೇಳಿದವನು ಅವನೊಬ್ಬನೇ. ಸಾಗರದವರ ಕಡೆಯಿಂದ ಯಾರೋ, "ರಿಪ್ಪನ್‌ಪೇಟೆಯೋರು ಅರ್ಥ ಮನೇಲೇ ಬಿಟ್ಟು ಬಂದಾರೆ" ಎಂದರು.

ನಾಲ್ವರೂ ಯಾಕೆ ಮೂಕರಾಗಿದ್ದಾರೆಂದು ಇಡೀ ಸಭೆಯಲ್ಲಿ ತಿಳಿದಿದ್ದುದು ಮಹಾಗಣಪತಿಯವರೊಬ್ಬರಿಗೇ. ಪುಟ ಸಂಖ್ಯೆ ಸಮೇತ. ಅವರಿಗೆ ಇದ್ದದ್ದು ಒಂದೇ ವಾಕ್ಯ. ಪದಕ್ಕೂ ಕಾಯದೆ ಅದನ್ನೇ ಹೇಳಿದರು.

"ಮಹಾಪ್ರಭು, ವಜ್ರಕೇಶನ ಸೈನ್ಯ ಕೋಟೆಯ ಬಾಗಿಲಿಗೆ ಬಂದಿದೆ."

ರಾಜ ತುಟಿ ಬಿಚ್ಚಲಿಲ್ಲ. ಇಲ್ಲಿಗೆ ದೂತನ ಕೆಲಸ ಮುಗಿಯಬೇಕು. ಆದರೆ ಬಾಯಿ ಮುಚ್ಚಿದರೆ ಮತ್ತೆ ಅದೇ ಮೌನ, ಅದರ ಆಚೆ ನಾಲ್ಕೇ ಚೀಟಿಯ ಡಬ್ಬಿ. ಅವರು ಮುಚ್ಚಲಿಲ್ಲ.

"ಪ್ರಭುಗಳ ಮೌನದಿಂದಲೇ ಅಪ್ಪಣೆ ತಿಳಿಯಿತು. ಹೋಗಿ ಹೇಳುತ್ತೇನೆ" ಎಂದು ಕೂತಲ್ಲೇ ರಾಕ್ಷಸನ ಕಡೆ ತಿರುಗಿದರು. "ರಾಕ್ಷಸೇಂದ್ರ, ನಮ್ಮ ಪ್ರಭುಗಳು ಹೇಳಿ ಕಳಿಸಿದ್ದಾರೆ. ಹೊರಡು, ಹೊರಡು, ಹೊರಡು. ಪಾತಾಳಕ್ಕೆ ನೇರ, ನಡುವೆ ಎಲ್ಲೂ ನಿಲ್ಲಿಸುವುದಿಲ್ಲ."

ಸಭೆಯಲ್ಲಿ ನಗು ಹಬ್ಬಿತು. ಮೂರೂ ಊರಿನವರು ನಿಂಗಪ್ಪನವರ ಬಸ್ ಹತ್ತಿದವರೇ. ಸುಬ್ಬರಾಯರು ಕಣ್ಣು ಕೆಂಪಗೆ ಮಾಡಿದರು. ದೂತ ಆ ಕಣ್ಣನ್ನೇ ಉತ್ತರವೆಂದು ಹೊತ್ತುಕೊಂಡು ರಾಜನ ಕಡೆ ತಿರುಗಿದ. ಈಗ ಬಂದದ್ದು ಜವಳಿ ಅಂಗಡಿಯ ಕಂಠ: ನಿನ್ನ ರಾಜ್ಯ ಅಳೆದು ನೋಡಿದ್ದೇನೆ, ಒಗೆದರೆ ಬಣ್ಣ ಬಿಡುವಂಥದ್ದು, ಇದಕ್ಕೆ ಇಷ್ಟು ಜಂಬವೇ. ತೀರ್ಥಹಳ್ಳಿಯ ಸಾಲಿನಲ್ಲಿ ವೆಂಕಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡರು.

ದೂತ ಅಲ್ಲಿಗೇ ನಿಲ್ಲಲಿಲ್ಲ. ರಾಣಿಯ ಅಳಲನ್ನು ಕಾಂಪೌಂಡರರ ಪಿಸುಮಾತಿನಲ್ಲಿ ಋಷಿಗೆ ಮುಟ್ಟಿಸಿದ. ಕಣ್ಣುಮುಚ್ಚಿದ ಋಷಿಯ ಪರವಾಗಿ ಎಲ್ಲರಿಗೂ ಒಂದೊಂದು ವರ ಹಂಚಿದ. ಅರವತ್ತು ಭಾಗ ಬರೆದವರಿಗೆ ಯಾರು ಯಾವುದಕ್ಕೆ ಏನು ಹೇಳುತ್ತಾರೆಂದು ಹುಡುಕಬೇಕಾಗಿರಲಿಲ್ಲ. ನಾಲ್ವರಿಗೂ ಈಗ ಮಾತಾಡುವ ಆಸೆ ಹುಟ್ಟಿತ್ತು. ಆದರೆ ದೂತನಿಗೆ ಹೇಗೆ ಎದುರು ಹೇಳಬೇಕೆಂದು ಅವರ ಯಾವ ಪುಟದಲ್ಲೂ ಇರಲಿಲ್ಲ. ಭಾಗವತರು ಉತ್ಸಾಹದಿಂದ ಯುದ್ಧದ ಪದ ಎತ್ತಿದರು. ಯುದ್ಧದ ವರದಿಯನ್ನೂ ದೂತನೇ ಕೊಟ್ಟ. ಕೊನೆಗೆ ಮಹಾಗಣಪತಿಯವರು ಶಾಲು ಸರಿಪಡಿಸಿಕೊಂಡು ಸುಬ್ಬರಾಯರಿಗೆ ಕೈಮುಗಿದರು.

"ರಾಕ್ಷಸೇಂದ್ರ, ತಿಳಿಸಲು ವ್ಯಸನವಾಗುತ್ತದೆ. ತಾವು ಸತ್ತಿದ್ದೀರಿ."

ಸುಬ್ಬರಾಯರಿಗೆ ತಡೆಯಲಾಗಲಿಲ್ಲ. "ಯಾವಾಗ?" ಎಂದರು.

ಅಂದು ಅವರು ಹೇಳಿದ ಅರ್ಥ ಅಷ್ಟೇ. ಸಭಾಂಗಣದ ನಗು ಹೊರಗೆ ನಿಂತಿದ್ದ ಐಸ್‌ಕ್ಯಾಂಡಿ ಸೈಕಲಿನವನನ್ನು ಒಳಗೆ ಎಳೆದು ತಂದಿತು.

ತಹಸೀಲ್ದಾರರು ಭಾಷಣ ಮಾಡಿದರು. ರಾಜ, ರಾಣಿ, ಋಷಿ, ರಾಕ್ಷಸ ನಾಲ್ವರನ್ನೂ ಮೂಕರಾಗಿಸಿ ಸಾಮಾನ್ಯ ದೂತನ ಬಾಯಿಂದ ರಾಜ್ಯಭಾರ ನಡೆಸಿದ್ದು ತಾವು ಎಲ್ಲೂ ಕಾಣದ ಹೊಸತನ. ಇದು ತಮ್ಮ ಕಚೇರಿಯ ಅನುಭವಕ್ಕೂ ತೀರ ಹತ್ತಿರವಾಗಿದೆ ಎಂದರು. ದುಗ್ಗಪ್ಪ ಮೇಷ್ಟ್ರು ಇದು ತಮ್ಮದೇ ಯೋಜನೆ ಎಂಬಂತೆ ತಲೆಯಾಡಿಸಿದರು. ವಾಪಸು ಬಸ್ಸಿನಲ್ಲಿ ಸುಬ್ಬರಾಯರು ರಿಪ್ಪನ್‌ಪೇಟೆ ಹತ್ತಿರವಾಗುವವರೆಗೆ ಕಿಟಕಿಯ ಕಡೆ ನೋಡುತ್ತಿದ್ದವರು, ಇಳಿಯುವಾಗ ಮಹಾಗಣಪತಿಯವರ ಹೆಗಲ ಮೇಲೆ ಕೈ ಹಾಕಿ, "ಚೀಟಿ ಐದೇ ಇರ್ಲಿ. ಆದ್ರೆ ಮುಂದಿನ ಸಲ ದೂತ ನಂಗೆ ಬರ್ಬೇಕು, ನೋಡಿ" ಎಂದರು.

ಆ ಆಸೆ ಅವರೊಬ್ಬರದೇ ಆಗಿರಲಿಲ್ಲ. ನಿಂಗಪ್ಪನವರು ಬಸ್‌ಸ್ಟ್ಯಾಂಡಿನಲ್ಲೇ ದೂತನ ಅರ್ಥ ಅಭ್ಯಾಸ ಮಾಡತೊಡಗಿದರು. ಶಂಭು ಭಟ್ಟರು ಗಣಪತಿ ದೇವರಿಗೆ ಇಪ್ಪತ್ತೊಂದು ಕಡುಬಿನ ಹರಕೆ ಹೇಳಿಕೊಂಡರು. ಪುಟ್ಟಪ್ಪನವರು ಮಹಡಿ ಹತ್ತಿ ಬಂದು, ದೂತನಿಗೊಂದು ಕೈಪಿಡಿ ಆದೀತೇ ಎಂದು ಪಿಸುಗುಟ್ಟಿದರು.

ತಿಂಗಳ ನಂತರ ಸಾಗರದವರ ಕರೆಯ ಮೇರೆಗೆ ಅಲ್ಲಿಯೇ ಪ್ರಸಂಗವಿತ್ತು. ಡಬ್ಬಿಯ ಎದುರು ನಾಲ್ವರು ಕಣ್ಣುಮುಚ್ಚಿ ನಿಂತರು. ಸುಬ್ಬರಾಯರು ಚೀಟಿ ಬಿಡಿಸಿದರು. ದೂತ. ಉಳಿದ ಮೂವರ ಮುಖ ಬಾಡಿತು. ಮಹಾಗಣಪತಿಯವರು ತಮ್ಮದನ್ನು ಬಿಡಿಸಿ ಓದಿದರು. ಇನ್ನೊಮ್ಮೆ ಓದಿದರು. ಹಿಂದೆಮುಂದೆ ತಿರುಗಿಸಿಯೂ ನೋಡಿದರು. ರಾಜ ಎಂದೇ ಇತ್ತು.

"ಪಾಪ," ಎಂದರು ಶಂಭು ಭಟ್ಟರು, ಅವರ ಬೆನ್ನು ಸವರಿ. "ಬೇಜಾರು ಮಾಡ್ಕೋಬೇಡಿ ಗಣಪತಣ್ಣ, ಮುಂದಿನ ಸಲ ನಿಮಗೇ ದೂತ ಬರ್ತದೆ." ಸುಬ್ಬರಾಯರೂ ಬಂದು, ರಾಜನೂ ಅಂಥ ಕೆಟ್ಟ ಪಾತ್ರವಲ್ಲ, ತಾವು ಇಷ್ಟು ವರ್ಷ ಸಹಿಸಿಕೊಂಡಿರಲಿಲ್ಲವೇ ಎಂದು ಧೈರ್ಯ ಹೇಳಿದರು. ಸಾಗರದ ಸಭೆಯ ಮುಂದಿನ ಸಾಲಿನಿಂದಲೂ ಛೆ, ಛೆ ಎಂಬ ಸದ್ದು ಕೇಳಿತು.

ಮಹಾಗಣಪತಿಯವರು ಎಲ್ಲರ ಸಂತಾಪವನ್ನೂ ತಲೆತಗ್ಗಿಸಿ ಸ್ವೀಕರಿಸಿದರು. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಮುಖದಲ್ಲಿ ದುಃಖವನ್ನು ಹಾಗೇ ಹಿಡಿದುಕೊಂಡು, ಅವಸರ ತೋರದೆ, ಒಂದೊಂದೇ ಹೆಜ್ಜೆಯಿಟ್ಟು ಹೋಗಿ ರಾಜನ ಜಾಗದಲ್ಲಿ ಕೂತರು. ಅಂದಿನ ಅವರ ಪಾತ್ರಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಆ ದುಃಖದ್ದೇ ಆಗಿತ್ತು ಎಂದು, ಮನೆಗೆ ಬಂದು ನಗುವನ್ನು ಹೊರಗೆ ಬಿಟ್ಟ ಮೇಲೆ, ವೇದಾವತಿಯ ಹತ್ತಿರ ಹೇಳಿದರು.